ಕಡಲು: ಭಾಗಶಃ

ಮನೆ ಕೊಂಡಾಗ ಪತ್ರದಲ್ಲೇ ಬರೆದಿತ್ತು:
ಮೂರೂ ಕೋಣೆಗಳಿಂದ ತಾಸ್ಮನ್ ಕಡಲು ಕಾಣುತ್ತದೆ.
ಕಾಣುವುದಕ್ಕೇ ಬೇರೆ ಬೆಲೆ ಕಟ್ಟಿದ್ದರು.
ಚೌಕಾಸಿ ಮಾಡದೆ ಕೊಟ್ಟೆ,
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನೇ ಕಾದು ದಣಿದವಳು.

ಕಾಣಲೆಂದೇ ಹಿಂದಿನ ಒಡೆಯ
ಮರಳ ದಿಬ್ಬದ ನೆತ್ತಿ ಬೋಳಿಸಿದ್ದ,
ಬುಲ್‌ಡೋಜರ್ ತರಿಸಿ, ಒಂದೇ ಬೆಳಗಿನಲ್ಲಿ.
ಅದರ ಮೇಲೆ ಹುಲ್ಲುಹಾಸು, ಅಂಚಿಗೆ ಬಿಳಿಕಲ್ಲು,
ಆಫ್ರಿಕದಿಂದ ಬಂದ ದಪ್ಪೆಲೆಯ ಬಳ್ಳಿ,
ಹಲ್ಲು ಕಿರಿಯುವ ಹಳದಿ ಹೂವು.

ಮೊದಲ ಜುಲೈಯ ಬಿರುಗಾಳಿಗೆ ಮರಳು ಒಳಗೆ ಬಂತು.
ಕೀಲಿಕಂಡಿಯಿಂದ ಬಂತು. ಸಕ್ಕರೆ ಡಬ್ಬಿಗೆ,
ನಾಯಿಯ ಕಿವಿಗೆ, ನಿದ್ದೆಯಲ್ಲಿ ಹಲ್ಲಿನ ಸಂದಿಗೆ.
ಬೆಳಿಗ್ಗೆ ನೋಡಿದರೆ ಹುಲ್ಲುಹಾಸು
ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಜಮಖಾನದಂತೆ
ಸುರುಳಿ ಸುತ್ತಿ ಬೇಲಿಗೆ ಒರಗಿತ್ತು.

ಮೂರನೆ ಮನೆಯ ಮೆರೆಯಾನಾ ಬಂದಳು,
ಬೂಟಿನ ಮರಳು ಕೊಡವದೆ ಒಳಗೇ ನಿಂತು ಅಂದಳು:
‘ದಿಬ್ಬ ಕಡಲು ಕೂಡಿಟ್ಟ ಇಡುಗಂಟು.
ಅದನ್ನು ಮುರಿದು ನೀವೆಲ್ಲ ಕಿಟಕಿ ಕೊಂಡಿರಿ.’
ಚಹಾಕ್ಕೆ ಸಕ್ಕರೆ ಬೇಡವೆಂದಳು.

ಬಳ್ಳಿ ಕೀಳುವುದಕ್ಕೇ ಒಂದು ಚಳಿಗಾಲ ಹೋಯಿತು.
ಮರುವರ್ಷ ಸಸಿ. ಕಡಲ ಕಡೆಗೆ ಸ್ಪಿನಿಫೆಕ್ಸ್,
ಅದರ ನಡುನಡುವೆ ಪಿಂಗಾವ್,
ಹಿಂದೆ, ಗಾಳಿ ತುಸು ಸುಮ್ಮನಾಗುವಲ್ಲಿ,
ಮೊಣಕಾಲೆತ್ತರದ ತಂತಿಯಂಥ ಕುರುಚಲು.
ಮೊಳಕೈ ಮುಳುಗುವಷ್ಟು ಆಳ ತೋಡು,
ಬೆರಳಿಗೆ ತೇವ ತಗುಲಿದರೆ ಸಾಕು, ನೀರೆರೆಯಬೇಡ;
ಮುದ್ದು ಮಾಡಿದರೆ ಬೇರು ಮೇಲೇ ಉಳಿಯುತ್ತದೆ.
ಸ್ಪಿನಿಫೆಕ್ಸಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಎಂದಾಗ
ನಾನು ನಕ್ಕೆ. ಅವಳು ನಗಲಿಲ್ಲ,
‘ಎರಡನ್ನೂ ನೆಡು’ ಎಂದಳು.

ಪಿಂಗಾವ್ ನಲವತ್ತು ಬುಡ ಮೊಲಗಳ ಪಾಲು.
ಉಳಿದವು ಬಂಗಾರ ಬಣ್ಣಕ್ಕೆ ತಿರುಗಿದ ವರ್ಷ
ಮೆರೆಯಾನಾ ಬುಟ್ಟಿ ಹೆಣೆಯಲೆಂದು ಬಂದು
ಬುಡಕ್ಕೊಂದರಂತೆ ಎಲೆ ಜಗ್ಗಿ ತೆಗೆದಳು,
ಮಗುವಿನ ತಲೆಯಿಂದ ಹೇನು ಹೆಕ್ಕುವವಳ ಹಾಗೆ.

ದಿಬ್ಬ ಏಳತೊಡಗಿತು.
ಹಾರಿಬಂದ ಮರಳನ್ನು ಎಲೆ ತಡೆದು ನಿಲ್ಲಿಸುತ್ತದೆ,
ಹೂತುಹೋದ ಎಲೆಯ ಮೇಲೆ ಇನ್ನೊಂದು ಎಲೆ ಬರುತ್ತದೆ.
ಇಷ್ಟೇ ವಿದ್ಯೆ.

ಪ್ರತಿ ಜೂನ್, ಅದೇ ಕುರ್ಚಿಯಲ್ಲಿ ಕೂತು
ಕಿಟಕಿಯ ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ,
ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರ ಗುರುತಿಟ್ಟಂತೆ.
ಮೊದಲು ತೆರೆ ಒಡೆಯುವ ಜಾಗ ಹೋಯಿತು.
ಆಮೇಲೆ ದಂಡೆಯಲ್ಲಿ ನಡೆಯುವವರ ಕಾಲು,
ಮರುವರ್ಷ ಸೊಂಟ.
ಈಗ ಬರೀ ಟೋಪಿಗಳು
ದಿಬ್ಬದ ಬೆನ್ನ ಮೇಲೆ ಒಂದೊಂದಾಗಿ ತೇಲಿ ಹೋಗುತ್ತವೆ.
ನಾಯಿಗಳಂತೂ ಇಲ್ಲವೇ ಇಲ್ಲ, ಬೊಗಳು ಮಾತ್ರ.

ಪಕ್ಕದ ಮನೆಯ ಹೇಕಾಕ್ ಬೇಲಿಯಾಚೆಯಿಂದ,
‘ದುಡ್ಡು ಕೊಟ್ಟು ಕೊಂಡದ್ದನ್ನು ನೀನೇ ಹೂಳುತ್ತಿದ್ದೀಯಲ್ಲ.’
ಬೆಲೆ ಕಟ್ಟುವ ಹುಡುಗನೂ ಬಂದಿದ್ದ,
ತುದಿಗಾಲಲ್ಲಿ ನಿಂತು ನೋಡಿ
‘ಕಡಲು: ಭಾಗಶಃ’ ಎಂದು ಬರೆದುಕೊಂಡ.
ಅಲ್ಲ ಎನ್ನಲಾಗಲಿಲ್ಲ.

ಕಳೆದ ಆಗಸ್ಟಿನ ಅಬ್ಬರಕ್ಕೆ
ಹೇಕಾಕನ ಮೆಟ್ಟಿಲು ಹೋಯಿತು. ನನ್ನದೂ ಉಳಿಯಿತೆನ್ನಲಾರೆ:
ದಿಬ್ಬದ ಮುಖವನ್ನು ಕಡಲು ಬ್ರೆಡ್ಡಿನಂತೆ ಕೊಯ್ದಿತ್ತು,
ಬೇರುಗಳು ಹೊಲಿಗೆ ಬಿಚ್ಚಿದ ದಾರದಂತೆ ನೇತಾಡುತ್ತಿದ್ದವು.
ನಾನೇನೂ ಮಾಡಲಿಲ್ಲ. ಕ್ರಿಸ್ಮಸ್ ಹೊತ್ತಿಗೆ
ಅವೇ ಕೊಯ್ದ ಅಂಚಿನಿಂದ ಕೆಳಗಿಳಿದು
ಮತ್ತೆ ಕಡಲ ಕಡೆಗೆ ತೆವಳಿದ್ದವು.
ಹೆಣ್ಣು ಗಿಡದ ಬೀಜದುಂಡೆಗಳು, ಮುಳ್ಳುಹಂದಿ ಮರಿಗಳ ಹಾಗೆ,
ದಂಡೆಯುದ್ದ ಉರುಳಿ ಉರುಳಿ
ಹೇಕಾಕನ ಮುರಿದ ಮೆಟ್ಟಿಲ ಕೆಳಗೆ ಸಿಕ್ಕಿಕೊಂಡವು.
ಅವನು ಗುಡಿಸಿಲ್ಲ. ಅಷ್ಟು ಮಾತ್ರ ನೋಡಿದ್ದೇನೆ.

ನಿನ್ನೆ ಮತ್ತೆ ಗೆರೆ ಎಳೆಯಲು ಕೂತೆ.
ಕಡಲು ಈಗ ಒಂದು ಬೆರಳಗಲ.
ಇಳಿತವೋ ಏರಿಕೆಯೋ ಸದ್ದಿನಿಂದಲೇ ಗೊತ್ತಾಗುತ್ತದೆ,
ರಾತ್ರಿ ಮರಳು ಬಾಗಿಲು ಬಡಿಯುವುದಿಲ್ಲ.
ಆದರೂ
ಎದ್ದು ಒಳಗೆ ಹೋಗಿ ದಿಂಬು ತಂದೆ,
ಕುರ್ಚಿಯ ಮೇಲೆ ಹಾಕಿ ಕೂತೆ.
ಮೋಸ, ಗೊತ್ತು.
ಎರಡು ಬೆರಳಾಯಿತು.